ಪದಚರ್ಚೆ: ‘ಹಾಟ್ ಸೀಟಿಂಗ್’, ‘ಡಿ-ರೋಲಿಂಗ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ,

ಬಿ.ಎಡ್. ಪ್ರಶಿಕ್ಷಣಾರ್ಥಿಗಳಿಗಾಗಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇನೆ. ಪಾಠ ಮಾಡುವಾಗ ತಮಗೆ ಬರುವ ಸಿಟ್ಟು, ಅಂಜಿಕೆ, ಅವಮಾನ ಇವನ್ನೆಲ್ಲ ನಾಟಕವಾಡಿ ತಾವೇ ನೋಡಿಕೊಳ್ಳುವುದು ಹೇಗೆ ಅಂತ. ಎನ್‌ಸಿಟಿಇ (ರಾಷ್ಟ್ರೀಯ ಶಿಕ್ಷಕ ಶಿಕ್ಷಣ ಪರಿಷತ್ತು) 2014ರಲ್ಲಿ ಬಿ.ಎಡ್. ಅನ್ನು ಎರಡು ವರ್ಷಕ್ಕೆ ಏರಿಸಿದಾಗ ನಾಟಕ ಮತ್ತು ಕಲೆಗೂ ಅದರಲ್ಲಿ ಜಾಗ ಸಿಕ್ಕಿತು. ಆದರೆ ಪದಗಳು ಮಾತ್ರ ಇಂಗ್ಲಿಷಿನವೇ.

ಮೊದಲು ‘ಹಾಟ್ ಸೀಟಿಂಗ್’. ಒಬ್ಬರು ಪಾತ್ರವಾಗಿ ಕುರ್ಚಿಯಲ್ಲಿ ಕೂರುತ್ತಾರೆ. ಹೋಂವರ್ಕ್ ಮಾಡದೆ ಬಂದು ಬೈಸಿಕೊಂಡ ಹುಡುಗ ಅಂತಿಟ್ಟುಕೊಳ್ಳಿ. ಉಳಿದವರು ಕೇಳಿದ್ದಕ್ಕೆಲ್ಲ ಆ ಹುಡುಗನಾಗಿಯೇ ಉತ್ತರ ಕೊಡಬೇಕು, ಮೊದಲೇ ಬರೆದಿಟ್ಟ ಮಾತಿರುವುದಿಲ್ಲ. ‘ಬಿಸಿ ಕುರ್ಚಿ’ ಅಂದರೆ ನಗು ಬರುತ್ತೆ. ‘ಪ್ರಶ್ನಾಪೀಠ’ ಅಂದರೆ ಕೋರ್ಟಿಗೆ ಹೋದ ಹಾಗೆ. ಯಕ್ಷಗಾನದ ಮಾತಿನ ರೂಪವಾದ ತಾಳಮದ್ದಲೆಯಲ್ಲಿ ಇದು ಆಗಲೇ ಇದೆ ಅಲ್ವಾ? ವೇಷ ಇಲ್ಲ, ಕುಣಿತ ಇಲ್ಲ, ಅರ್ಥಧಾರಿ ಕೂತಲ್ಲೇ ಕರ್ಣನಾಗುತ್ತಾನೆ, ಎದುರಿನವರು ಕೊಕ್ಕೆ ಹಾಕಿದರೆ ಆಗಿಂದಾಗಲೇ ಕರ್ಣನಾಗಿಯೇ ಜವಾಬು ಕೊಡಬೇಕು. ಹಾಗೆ ಪಾತ್ರವಾಗಿ ಆಡುವ ಮಾತಿಗೇ ಅಲ್ಲಿ ‘ಅರ್ಥ’ ಅನ್ನುತ್ತಾರೆ. ಹಾಗಾಗಿ ‘ಹುಡುಗನ ಅರ್ಥ ಹೇಳುವುದು’ ಅಂತ ಬರೆಯುವ ಆಸೆ. ಕರಾವಳಿ, ಮಲೆನಾಡಿನವರಿಗೆ ತಟ್ಟನೆ ಹೊಳೆಯುತ್ತೆ. ಬೀದರಿನವರಿಗೆ ಮೀನಿಂಗ್ ಹೇಳು ಅಂತ ಕೇಳಿಸೀತು! ಇನ್ನೊಂದು ಅಳುಕೂ ಇದೆ. ತಾಳಮದ್ದಲೆಯಲ್ಲಿ ವಾದ ಗೆಲ್ಲುವ ಹುರುಪು ಜಾಸ್ತಿ, ಇಲ್ಲಿ ಯಾರೂ ಗೆಲ್ಲಬೇಕಾಗಿಲ್ಲ.

‘ಥಾಟ್ ಟ್ರ್ಯಾಕಿಂಗ್’ಗೆ ತಲೆಕೆಡಿಸಿಕೊಳ್ಳಲಿಲ್ಲ. ಭುಜ ಮುಟ್ಟಿದ ಕೂಡಲೇ ಪಾತ್ರದ ಮನಸ್ಸಿನ ಮಾತನ್ನು ಬಾಯಿಬಿಟ್ಟು ಹೇಳುವುದು, ಅದು ನಮ್ಮ ‘ಸ್ವಗತ’ವೇ. ಆಡುತ್ತಿದ್ದವರು ಇದ್ದ ಭಂಗಿಯಲ್ಲೇ ಅಲುಗದೆ ನಿಲ್ಲುವ ‘ಫ್ರೀಝ್ ಫ್ರೇಮ್’ಗೆ ‘ಸ್ತಬ್ಧಚಿತ್ರ’ ಇದೆ, ಆದರೆ ಆ ಪದ ಕೇಳಿದರೆ ದಸರಾ ಮೆರವಣಿಗೆಯೇ ಕಣ್ಣಿಗೆ ಬರುತ್ತೆ. ಮಕ್ಕಳಾಟದ ‘ಸ್ಟ್ಯಾಚ್ಯೂ’ ಸಾಕು ಅನ್ನಿಸುತ್ತೆ.

ನಿಜವಾದ ತೊಡಕು ‘ಡಿ-ರೋಲಿಂಗ್’ನದು. ಬೈಸಿಕೊಂಡ ಹುಡುಗನಾಗಿ ಅಷ್ಟು ಹೊತ್ತು ಕೂತವರು ಆ ನೋವನ್ನು ಹಾಗೇ ಮನೆಗೆ ಹೊತ್ತುಕೊಂಡು ಹೋಗಬಾರದು. ಅದಕ್ಕೇ ಕುರ್ಚಿ ಬಿಟ್ಟು ಏಳಿಸಿ, ಮೈಕೈ ಕೊಡವಿಸಿ, ತಮ್ಮ ಹೆಸರನ್ನು ಜೋರಾಗಿ ಹೇಳಿಸುತ್ತಾರೆ. ಆಮೇಲೆಯೇ ಆಡಿದ್ದರ ಬಗ್ಗೆ ಮಾತುಕತೆ. ಇದಕ್ಕೆ ‘ವೇಷ ಕಳಚುವುದು’ ಅನ್ನೋಣ ಅಂದರೆ, ಯಕ್ಷಗಾನದವರು ಬಣ್ಣ ಹಚ್ಚುವ ಚೌಕಿಯಲ್ಲಿ ಅದು ಸರಿ, ಪತ್ರಿಕೆಯಲ್ಲಿ ಮಾತ್ರ ಮೋಸಗಾರ ಸಿಕ್ಕಿಬಿದ್ದ ಅಂತಲೇ ಅರ್ಥ. ಪಾಠ ವೀಕ್ಷಣೆಗೆ ಬಂದು ಹಿಂದಿನ ಬೆಂಚಲ್ಲಿ ಕೂತವರನ್ನು ಕಂಡರೇ ಬೆವರುವವರಿಗೆ ಈ ಮಾತು ಬೇಡ. ‘ಪಾತ್ರದಿಂದ ಹೊರಬರುವುದು’ ತಪ್ಪೇನಲ್ಲ, ಆದರೆ ಸಪ್ಪೆ. ನನ್ನ ಮನಸ್ಸು ‘ಪಾತ್ರ ಇಳಿಸುವುದು’ ಕಡೆಗಿದೆ. ಮೈಮೇಲೆ ಬಂದ ದೇವರು ‘ಇಳಿಯಿತು’ ಅನ್ನುತ್ತೇವಲ್ಲ, ಆ ಇಳಿ. ಸುಮ್ನೆ ಭಾರ ಇಳಿಸಿದ ಹಾಗೂ ಕೇಳುತ್ತೆ. ಅಥವಾ ದೇವರು-ದೆವ್ವದ ನೆರಳು ಬೇಡವೇ?

ದೊಡ್ಡಾಟ, ಸಣ್ಣಾಟ, ಕಂಪನಿ ನಾಟಕ ಬಲ್ಲವರು ಇಲ್ಲಿದ್ದರೆ ಒಂದು ಕೇಳಬೇಕು: ಆಟ ಮುಗಿದ ಮೇಲೂ ಪಾತ್ರ ಬಿಡದವರ ಬಗ್ಗೆ ನಿಮ್ಮ ಕಡೆ ಏನಂತಾರೆ?