'ಸುಧಾರಣಾವಾದಿ' ಬೈಗುಳವೇ? ಕ್ರಾಂತಿ, ವಿಪ್ಲವ, ಪುರಟ್ಚಿ ಪದಗಳ ಬಗ್ಗೆಯೂ ಒಂದು ಪ್ರಶ್ನೆ

ಬಳಗದ ಎಲ್ಲರಿಗೂ ಚಿಂತಾಮಣಿಯಿಂದ ನಮಸ್ಕಾರ.

ನಮ್ಮೂರಿನ ಓದುವ ಗುಂಪಿಗಾಗಿ ಸಮಾಜವಾದದ ಬೇರೆ ಬೇರೆ ಕವಲುಗಳ ಬಗ್ಗೆ ಒಂದು ಚಿಕ್ಕ ಪುಸ್ತಿಕೆ ಬರೆಯುತ್ತಿದ್ದೇನೆ. ಹೋದ ವಾರ ಮೊದಲ ಭಾಗ ಓದಿ ಹೇಳಿದೆ. ಅದರಲ್ಲಿ ಜರ್ಮನಿಯ ಸಮಾಜವಾದಿ ಚಿಂತಕ ಎಡ್ವರ್ಡ್ ಬರ್ನ್‌ಸ್ಟೈನ್ ಬಗ್ಗೆ 'ಬರ್ನ್‌ಸ್ಟೈನ್ ಕ್ರಾಂತಿಯ ದಾರಿ ಬಿಟ್ಟು ಸುಧಾರಣಾವಾದಿಯಾದರು' ಎಂಬ ವಾಕ್ಯವಿತ್ತು. ಹಿಂದೆ ಕುಳಿತಿದ್ದ ಹಿರಿಯ ರೈತರೊಬ್ಬರು ತಡೆದು ಕೇಳಿದರು: "ಸುಧಾರಿಸೋನು ಅಂದ್ರೆ ಒಳ್ಳೇವ್ನೇ ಅಲ್ವೇನಪ್ಪಾ? ಅದ್ಯಾಕೆ ಬೈದಂಗೆ ಓದ್ತೀಯ?"

ಉತ್ತರ ಹೊಳೆಯಲಿಲ್ಲ. ಮನೆಗೆ ಬಂದು ಯೋಚಿಸಿದರೆ ಅವರು ಹೇಳಿದ್ದೇ ಸರಿ ಅನ್ನಿಸಿತು. ಜ್ವರ ಬಂದವರು ಸುಧಾರಿಸಿಕೊಳ್ಳುತ್ತಾರೆ. ದೂರ ನಡೆದವರು ಮರದಡಿ ಕೂತು ಸುಧಾರಿಸಿಕೊಳ್ಳುತ್ತಾರೆ. ಮನೆಗೆ ದಿಢೀರ್ ಅಂತ ನೆಂಟರು ಬಂದರೆ 'ಹೇಗೋ ಸುಧಾರಿಸ್ತೀನಿ ಬಿಡಿ' ಅನ್ನುತ್ತಾರೆ. ಕನ್ನಡದಲ್ಲಿ ಈ ಪದಕ್ಕೆ ಕೆಟ್ಟ ಅರ್ಥ ಎಲ್ಲೂ ಇಲ್ಲ. '-ವಾದಿ' ಅಂಟಿಸಿದ ಕೂಡಲೇ ಅದು ಬೈಗುಳವಾಗುತ್ತದೆ, ಅದೂ ಎಡಪಂಥದವರ ನಡುವೆ ಮಾತ್ರ: ಕ್ರಾಂತಿಯನ್ನು ಕೈಬಿಟ್ಟು ಸಣ್ಣಪುಟ್ಟ ಸುಧಾರಣೆಗಳಲ್ಲೇ ತೃಪ್ತಿಪಡುವವನು ಎಂಬ ಅರ್ಥದಲ್ಲಿ.

ಸುಧಾರಣೆಯೋ ಕ್ರಾಂತಿಯೋ ಎಂಬ ಈ ಜಗಳ ಜೋರಾಗಿದ್ದು ಜರ್ಮನಿಯಲ್ಲಿ. ಅಲ್ಲಿನ ಸೋಷಿಯಲ್ ಡೆಮಾಕ್ರಟಿಕ್ ಪಕ್ಷದ 1891ರ ಎರ್ಫರ್ಟ್ ಕಾರ್ಯಕ್ರಮದಲ್ಲಿ ಎರಡು ಭಾಗಗಳಿದ್ದವು. ಬಂಡವಾಳಶಾಹಿ ಹೇಗೆ ಮುಗಿಯುತ್ತದೆ ಎಂಬ ಸಿದ್ಧಾಂತದ ಭಾಗವನ್ನು ಪಕ್ಷದ ಚಿಂತಕ ಕೌಟ್ಸ್ಕಿ ಬರೆದರು. ಎಲ್ಲರಿಗೂ ವೋಟು, ದಿನಕ್ಕೆ ಎಂಟು ಗಂಟೆ ಕೆಲಸ ಮುಂತಾದ ಬೇಡಿಕೆಗಳ ಭಾಗವನ್ನು ಬರ್ನ್‌ಸ್ಟೈನ್ ಬರೆದರು. ಕೆಲವು ವರ್ಷ ಕಳೆದ ಮೇಲೆ ಬರ್ನ್‌ಸ್ಟೈನ್ ಅವರಿಗೆ ಮೊದಲ ಭಾಗದಲ್ಲಿ ನಂಬಿಕೆ ಹೋಯಿತು. ಕೊನೆಯ ಗುರಿ ಎನ್ನುವುದು ನನಗೆ ಏನೂ ಅಲ್ಲ, ಚಳವಳಿಯೇ ಎಲ್ಲ ಎಂದುಬಿಟ್ಟರು. ಅದೇ ಪಕ್ಷದ ಕ್ರಾಂತಿವಾದಿ ರೋಸಾ ಲಕ್ಸೆಂಬರ್ಗ್ 1899ರಲ್ಲಿ ಇದಕ್ಕೆ ಖಾರವಾಗಿ ಉತ್ತರ ಕೊಟ್ಟರು.

ಆದರೆ ಲಕ್ಸೆಂಬರ್ಗ್ ಸುಧಾರಣೆ ಬೇಡ ಎನ್ನಲಿಲ್ಲ. ಸುಧಾರಣೆಗಾಗಿ ಹೋರಾಡುವುದು ದಾರಿ, ಕ್ರಾಂತಿ ಊರು ಎನ್ನುವ ಅರ್ಥದಲ್ಲಿ ಬರೆದರು. ದಾರಿಯನ್ನೇ ಊರು ಅಂದುಕೊಳ್ಳಬೇಡಿ ಎಂಬುದು ಅವರ ತಕರಾರು. ಹಾಗಿದ್ದ ಮೇಲೆ 'ಸುಧಾರಣೆ' ಇಬ್ಬರಿಗೂ ಸೇರಿದ ಪದ. ಬರ್ನ್‌ಸ್ಟೈನ್ ಒಬ್ಬರಿಗೇ ಅದನ್ನು ಹೊರಿಸಿದರೆ ಓದುವವರಿಗೆ ಜಗಳದ ತಿರುಳೇ ತಪ್ಪಿಹೋಗುತ್ತದೆ. ನಾನು ಆ ವಾಕ್ಯದಲ್ಲಿ ಮಾಡಿದ ತಪ್ಪು ಅದೇ.

ಇನ್ನೊಂದು ತೊಡಕು 'ಚಳವಳಿ'. ನಮಗೆ ಚಳವಳಿ ಅಂದರೆ ಧರಣಿ, ಬಾವುಟ, ರಸ್ತೆ ತಡೆ. ಬರ್ನ್‌ಸ್ಟೈನ್ ಹೇಳಿದ್ದರಲ್ಲಿ ಸಂಘ ಕಟ್ಟುವುದು, ಸಹಕಾರ ಸಂಘ ನಡೆಸುವುದು, ಕಾನೂನು ತರುವುದು, ಹೀಗೆ ದಿನದಿನದ ನಡಿಗೆಯೂ ಇದೆ. ಇದಕ್ಕೆ ಸುಮ್ನೆ 'ಚಳವಳಿ' ಅಂದರೆ ಸಾಕೇ?

ಈಗ 'ಕ್ರಾಂತಿ'ಗೆ ಬರುತ್ತೇನೆ. ನಮ್ಮ ಗಡಿ ಸೀಮೆಯಲ್ಲಿ ಈ ಒಂದು ವಿಚಾರಕ್ಕೆ ಮೂರು ನಾಲ್ಕು ಪದಗಳು ಕಿವಿಗೆ ಬೀಳುತ್ತವೆ. ಬಾಗೇಪಲ್ಲಿ ಕಡೆ ತೆಲುಗಿನಲ್ಲಿ 'ವಿಪ್ಲವಂ ವರ್ಧಿಲ್ಲಾಲಿ'. ಕೆಜಿಎಫ್‌ನ ಚಾಂಪಿಯನ್ ರೀಫ್ ಗಣಿಯಲ್ಲಿ ದುಡಿದ ನನ್ನ ಸೋದರಮಾವನ ಬಾಯಲ್ಲಿ ತಮಿಳಿನ 'ಪುರಟ್ಚಿ ಓಂಗುಗ'. ಕನ್ನಡದವರು 'ಕ್ರಾಂತಿ ಚಿರಾಯುವಾಗಲಿ' ಅಂತಲೂ 'ಇಂಕ್ವಿಲಾಬ್ ಜಿಂದಾಬಾದ್' ಅಂತಲೂ ಕೂಗುತ್ತೇವೆ. ಒಂದೇ ಮೆರವಣಿಗೆ ಅನ್ನಿಸಿದರೂ ಪದಗಳ ಒಳಗಿನ ಚಿತ್ರ ಒಂದೇ ಅಲ್ಲ.

'ವಿಪ್ಲವ'ದಲ್ಲಿರುವುದು 'ಪ್ಲು' ಧಾತು: ತೇಲು, ಉಕ್ಕಿ ಹರಿ. ಅದು ನೆರೆ ಬಂದ ಹಾಗೆ. ಕನ್ನಡ ನಿಘಂಟಿನಲ್ಲಿ ವಿಪ್ಲವ ಇದ್ದರೂ ನಮಗೆ ಅದು ಹಾವಳಿ, ಗೊಂದಲ. ಇಂಕ್ವಿಲಾಬ್ ಅರಬ್ಬಿ ಪದ, ಅದರ ಬೇರಿನ ಅರ್ಥ ತಿರುಗಿಸಿಹಾಕುವುದು. 'ಪುರಟ್ಚಿ'ಯೂ ಹಾಗೇ, 'ಪುರಳ್' ಎಂಬ ತಮಿಳು ಪದದ ಕುಲ. ಅದರ ಕನ್ನಡದ ಒಡಹುಟ್ಟು 'ಪೊರಳ್', ಇವತ್ತಿನ 'ಹೊರಳು'. ಇದು ತಿಳಿದಾಗ ನನಗೆ ತುಂಬಾ ಖುಷಿಯಾಯಿತು. ಮಾವ ಗಣಿಯಿಂದ ತಂದ ಪದದ ನಂಟು ನಮ್ಮ ಮನೆಯಲ್ಲೇ ಇತ್ತು!

'ಕ್ರಾಂತಿ'ಯ ಬೇರು 'ಕ್ರಮ್', ಹೆಜ್ಜೆ ಇಡು, ದಾಟು. ಸಂಕ್ರಾಂತಿಯ ದಿನ ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ದಾಟುತ್ತಾನೆ. ಅದೇ ಬೇರಿನಿಂದಲೇ 'ಆಕ್ರಮಣ'ವೂ ಬಂತು, 'ಕ್ರಮ'ವೂ ಬಂತು, 'ಕ್ರಮೇಣ'ವೂ ಬಂತು. ಬರ್ನ್‌ಸ್ಟೈನ್ ಬಯಸಿದ್ದು ಕ್ರಮೇಣ ಆಗುವ ಬದಲಾವಣೆ. ಲಕ್ಸೆಂಬರ್ಗ್ ಬಯಸಿದ್ದು ಕ್ರಾಂತಿ. ಕನ್ನಡದಲ್ಲಿ ಹೇಳುವಾಗ ಎರಡೂ ಒಂದೇ ಬೇರಿನ ಚಿಗುರು. ಇದನ್ನು ಪುಸ್ತಿಕೆಯಲ್ಲಿ ಬರೆಯಲೇಬೇಕು ಅಂದುಕೊಂಡಿದ್ದೇನೆ.

ನಮ್ಮಲ್ಲಿ ಈ ಎರಡನ್ನೂ ಬೆಸೆದವರು ಸಮಾಜವಾದಿ ನಾಯಕ ರಾಮಮನೋಹರ ಲೋಹಿಯಾ. ಅವರ ಸಪ್ತಕ್ರಾಂತಿಯಲ್ಲಿ, ಅಂದರೆ ಒಟ್ಟಿಗೇ ನಡೆಯಬೇಕಾದ ಏಳು ಕ್ರಾಂತಿಗಳಲ್ಲಿ, ಜಾತಿ, ಹೆಣ್ಣು ಗಂಡಿನ ಅಸಮಾನತೆ, ಮೈಬಣ್ಣ, ಆಸ್ತಿ, ಯಾವುದರ ವಿರುದ್ಧದ ಹೋರಾಟವೂ ಇನ್ನೊಂದಕ್ಕಾಗಿ ಕಾಯುವುದಿಲ್ಲ. ಜೈಲು (ಸತ್ಯಾಗ್ರಹ), ಗುದ್ದಲಿ (ಕಟ್ಟುವ ಕೆಲಸ), ವೋಟು, ಮೂರೂ ಬೇಕು ಅಂದರು. ಗುದ್ದಲಿ ಹಿಡಿದು ಕೆರೆ ಹೂಳೆತ್ತುವುದೂ ಕ್ರಾಂತಿಯ ಕೆಲಸವೇ ಆದ ಮೇಲೆ, ಜರ್ಮನಿಯ ಜಗಳವನ್ನು ಇದ್ದ ಹಾಗೆ ಕನ್ನಡಕ್ಕೆ ಇಳಿಸುವುದು ಕಷ್ಟ.

ಸಮಾಜವಾದವನ್ನು ನಿಧಾನವಾಗಿ ತರಬೇಕು ಎಂದ ಇಂಗ್ಲೆಂಡಿನ ಫೇಬಿಯನ್ನರ ಪಾಡು ಬೇರೆ. 1884ರಲ್ಲಿ ಸಂಘ ಕಟ್ಟಿದವರು ರೋಮಿನ ದಂಡನಾಯಕ ಫೇಬಿಯಸ್‌ನ ಹೆಸರಿಟ್ಟುಕೊಂಡರು. ರೋಮಿನ ಮೇಲೆ ದಂಡೆತ್ತಿ ಬಂದ ಹ್ಯಾನಿಬಲ್ ಜೊತೆ ನೇರ ಯುದ್ಧಕ್ಕಿಳಿಯದೆ ಕಾದು ಕಾದು ಸುಸ್ತು ಮಾಡಿದವನು ಅವನು. ನಾನು 'ನಿಧಾನವಾದಿಗಳು' ಎಂದು ಬರೆದಿದ್ದೆ. ಗುಂಪಿನ ಹುಡುಗರು ಅದನ್ನು ಸೋಮಾರಿಗಳು ಅಂತ ತಿಳಿದರು. 'ನಿಧಾನವೇ ಪ್ರಧಾನ' ಅನ್ನುವ ನಾಡಿನಲ್ಲೂ ಹೀಗಾಯಿತು. 'ಕಾದು ಗೆಲ್ಲುವವರು' ಅಂದರೆ ಹೇಗೆ?

ಆ ಹಿರಿಯರು ಹೊರಡುವಾಗ ಇನ್ನೊಂದು ಮಾತು ಕೇಳಿದರು. ಅವರಪ್ಪ ಗೇಣಿ ಮಾಡುತ್ತಿದ್ದರು. ಭೂ ಸುಧಾರಣಾ ಕಾಯ್ದೆ ಬಂದಿದ್ದು 1961ರಲ್ಲಿ, ಆದರೆ ಅವರಿಗೆ ನೆಲ ದಕ್ಕಿದ್ದು ದೇವರಾಜ ಅರಸರ ಕಾಲದ 1974ರ ತಿದ್ದುಪಡಿಯ ಮೇಲೆ. 'ಸುಧಾರಣೆ' ಎಂಬ ಪದ ಅವರ ಮನೆಯಲ್ಲಿ ಯಾರೂ ಆಡಲಿಲ್ಲ. 'ಡಿಕ್ಲರೇಷನ್ ಹಾಕಿದ್ದು' (ಗೇಣಿ ಭೂಮಿ ತಮ್ಮ ಹೆಸರಿಗೆ ಆಗಲಿ ಎಂದು ಅರ್ಜಿ ಕೊಟ್ಟಿದ್ದು) ಅಂತಲೇ ಮಾತು. "ಗೇಣಿ ಹೊತ್ಕೊಂಡು ಹೋಗ್ತಿದ್ದ ನಮ್ಮಪ್ಪ ಒಡೆಯ ಆದ್ನಲ್ಲ, ಅದು ನಿನ್ನ ಪುಸ್ತಕದಲ್ಲಿ ಯಾವುದಕ್ಕೆ ಬರತ್ತೆ?" ಅಂದರು. ಕಾಗದದಲ್ಲಿ ಅದು ಬರೀ ತಿದ್ದುಪಡಿ. ಅವರ ಮನೆಗೆ ಹೊರಳು.

ಸದ್ಯಕ್ಕೆ ಬರ್ನ್‌ಸ್ಟೈನ್ ಪಂಥಕ್ಕೆ 'ಹಂತಹಂತದ ದಾರಿಯವರು' ಎಂದು ಬರೆದು, 'ಸುಧಾರಣೆ'ಯನ್ನು ಅದರ ಒಳ್ಳೆಯ ಅರ್ಥದಲ್ಲೇ ಉಳಿಸಿಕೊಂಡಿದ್ದೇನೆ. ಇದಕ್ಕಿಂತ ಚಿಕ್ಕ ಪದ ನಿಮ್ಮ ಕಡೆ ಬಳಕೆಯಲ್ಲಿದೆಯೇ? 'ಹೊರಳು' ಪದವನ್ನು ಸಮಾಜದ ದೊಡ್ಡ ಬದಲಾವಣೆಗೆ ಯಾರಾದರೂ ಆಡುವುದನ್ನು ಕೇಳಿದ್ದೀರಾ? ಪಾವಗಡ, ಮುಳಬಾಗಿಲು, ಶ್ರೀನಿವಾಸಪುರದ ಕಡೆಯವರು ಮನೆಯ ಹಿರಿಯರನ್ನು ಒಮ್ಮೆ ಕೇಳಿ ಬರೆದರೆ ಉಪಕಾರವಾಗುತ್ತದೆ. ಗೇಣಿ ಭೂಮಿ ಕೈಗೆ ಬಂದ ಆ ವರ್ಷಗಳನ್ನು ಅವರು ಯಾವ ಪದದಲ್ಲಿ ನೆನೆಯುತ್ತಾರೆ?