ಪದಚರ್ಚೆ: ‘ಇನ್‌ಡಿಸ್ಕ್ರಿಮಿನೇಟ್’ ದಾಳಿಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. 1995ರಲ್ಲಿ ಕ್ರೊಯೇಷಿಯಾದ ರಾಜಧಾನಿ ಝಾಗ್ರೆಬ್ ಮೇಲೆ ನಡೆದ ರಾಕೆಟ್ ದಾಳಿಯ ಬಗ್ಗೆ ಬರೆಯುತ್ತಿದ್ದೇನೆ. ಅದರ ಬಗ್ಗೆ ನಡೆದ ಯುದ್ಧಾಪರಾಧದ ಮೊಕದ್ದಮೆಯಲ್ಲಿ ದಾಳಿಯ ತೀರ್ಪು ನಿಂತಿರುವುದೇ ‘ಇನ್‌ಡಿಸ್ಕ್ರಿಮಿನೇಟ್’ ಅನ್ನುವ ಮಾತಿನ ಮೇಲೆ, ಅಂದರೆ ಸೈನಿಕರು, ಜನಸಾಮಾನ್ಯರು ಅಂತ ಭೇದ ಮಾಡದೆ ಹೊಡೆಯೋದು. ಅದಕ್ಕೆ ನಮ್ಮಲ್ಲಿ ಯಾವ ಪದ ಹಾಕೋಣ?

ಪತ್ರಿಕೆಗಳಲ್ಲಿ ‘ಮನಬಂದಂತೆ’, ‘ಬೇಕಾಬಿಟ್ಟಿ’, ‘ಯದ್ವಾತದ್ವಾ’ ಅಂತೆಲ್ಲ ಬರುತ್ತದೆ. ಇಲ್ಲಿ ಯಾವುದೂ ಕೂರುತ್ತಿಲ್ಲ. ಬೇಕಾಬಿಟ್ಟಿ ಅಂದರೆ ಯಾರೋ ತಲೆಕೆಟ್ಟು ಹೊಡೆದ ಹಾಗೆ. ಇದು ಹಾಗಲ್ಲ. ಮೇ 1ರಂದು ಕ್ರೊಯೇಷಿಯಾ ಸೇನೆ, ದೇಶದೊಳಗೇ ಸರ್ಬರು ಹಿಡಿದಿಟ್ಟುಕೊಂಡಿದ್ದ ಪಶ್ಚಿಮ ಸ್ಲಾವೋನಿಯಾಕ್ಕೆ ನುಗ್ಗಿತು. ಅದಕ್ಕೆ ಸೇಡು ಅಂತ ಕ್ರಾಯಿನಾ ಸರ್ಬರ (ಕ್ರೊಯೇಷಿಯಾದಿಂದ ಬೇರೆಯಾಗಿ ನಿಂತಿದ್ದವರು) ನಾಯಕ ಮಿಲಾನ್ ಮಾರ್ಟಿಚ್ ಮೇ 2 ಮತ್ತು 3ರಂದು ನಗರದ ಮೇಲೆ ಹೊಡೆಸಿದ. ಆಜ್ಞೆ ಕೊಟ್ಟಿದ್ದು ನಾನೇ ಅಂತ ಹೇಳಿಕೊಂಡ ಕೂಡ. ಏಳು ಜನ ಸತ್ತರು, 200ಕ್ಕೂ ಜಾಸ್ತಿ ಜನ ಗಾಯಗೊಂಡರು. ಮಕ್ಕಳ ಆಸ್ಪತ್ರೆಯನ್ನೂ ಬಿಡಲಿಲ್ಲ.

ಹಾರಿಸಿದ್ದು ಓರ್ಕಾನ್ ಅನ್ನುವ ರಾಕೆಟ್. ಒಂದರ ಹೊಟ್ಟೆಯಲ್ಲಿ 288 ಮರಿಬಾಂಬ್, ಒಂದೊಂದು ಮರಿಯಲ್ಲಿ ಮೂರು ಮಿಲಿಮೀಟರ್ ದಪ್ಪದ 420 ಲೋಹದ ಕಾಳು. ಸುಮಾರು 50 ಕಿಲೋಮೀಟರ್ ದೂರದಿಂದ ಬಿಟ್ಟಿದ್ದು, ಅದು ಹೋಗಬಲ್ಲ ದೂರವೇ ಅಷ್ಟು. ಅಷ್ಟು ದೂರಕ್ಕೆ ಬಿಟ್ಟರೆ ಗುರಿಯಿಂದ ಯಾವ ದಿಕ್ಕಿಗಾದರೂ ಸುಮಾರು ಒಂದು ಕಿಲೋಮೀಟರ್ ತನಕ ತಪ್ಪಬಹುದು, ಎಲ್ಲಿ ಬೀಳುತ್ತದೋ ಯಾರೂ ಹೇಳೋಕಾಗಲ್ಲ. ಸೇನೆಯ ನೆಲೆಗೆ ಗುರಿಯಿಟ್ಟಿದ್ದೆವು ಅನ್ನುವ ವಾದ ಹೇಗ್‌ನ ಯುದ್ಧಾಪರಾಧ ನ್ಯಾಯಮಂಡಳಿಯಲ್ಲಿ ನಿಲ್ಲಲಿಲ್ಲ. ಈ ದಾಳಿಯೂ ಸೇರಿ ಹಲವು ಅಪರಾಧಗಳಿಗೆ 2007ರಲ್ಲಿ ಮಾರ್ಟಿಚ್‌ಗೆ 35 ವರ್ಷ ಜೈಲಾಯಿತು.

ಅಂದರೆ ಕೈತಪ್ಪಿ ಆಗಿದ್ದಲ್ಲ. ಸೈನಿಕ ಯಾರು, ಟ್ರಾಮ್‌ಗೆ ಕಾಯುತ್ತಿರುವವರು ಯಾರು ಅನ್ನೋದು ಆ ಆಯುಧಕ್ಕೆ ಗೊತ್ತಾಗಲ್ಲ, ಹಾಗಂತ ಗೊತ್ತಿದ್ದೇ ಬಿಟ್ಟಿದ್ದು. ‘ವಿವೇಚನಾರಹಿತ’ ಅಂತಲೂ ಕೆಲವರು ಬರೆಯುತ್ತಾರೆ. ಅದು ಬುದ್ಧಿ ಕೆಟ್ಟವನಿಗೆ ಹೇಳುವ ಮಾತಾಯಿತು. ಸದ್ಯಕ್ಕೆ ‘ಯಾರೆಂದು ನೋಡದ ದಾಳಿ’ ಅಂತ ಹಾಕಿದ್ದೇನೆ. ತಲೆಬರಹಕ್ಕೆ ಉದ್ದವಾಯಿತು ಅಲ್ವಾ?

ಇನ್ನೊಂದು, ಓರ್ಕಾನ್‌ಗೆ ‘ಕ್ಷಿಪಣಿ’ ಬೇಡ ಅನ್ನೋದು ನನ್ನ ಹಟ. ಕ್ಷಿಪಣಿ ಅಂದ ತಕ್ಷಣ ಪೃಥ್ವಿ, ಬ್ರಹ್ಮೋಸ್ ನೆನಪಾಗುತ್ತವೆ, ದಾರಿ ತಿದ್ದಿಕೊಂಡು ಹೋಗುವಂಥವು. ಇದಕ್ಕೆ ಒಮ್ಮೆ ಬಿಟ್ಟ ಮೇಲೆ ಲಗಾಮೇ ಇಲ್ಲ. ಟಿಪ್ಪು ಕಾಲದಲ್ಲಿ ರಾಕೆಟ್‌ಗೆ ‘ಬಾಣ’ ಅಂತಿದ್ದರು, ಈಗ ಹಾಗೆ ಬರೆದರೆ ಓದುವವರು ಬಿಲ್ಲು ಹುಡುಕುತ್ತಾರೆ. ರಾಕೆಟ್ ಅಂತಲೇ ಇರಲಿ.

‘ಸಿವಿಲಿಯನ್ಸ್’ಗೆ ‘ನಾಗರಿಕರು’ ಕೂಡ ಸರಿಹೋಗುತ್ತಿಲ್ಲ. ಸೈನಿಕನೂ ದೇಶದ ನಾಗರಿಕನೇ, ಊರಿಗೆ ಬಂದಿದ್ದ ವಿದೇಶಿ ನಾಗರಿಕನಲ್ಲ, ಆದರೆ ಕಾನೂನಿನ ರಕ್ಷಣೆ ಇರೋದು ಆ ವಿದೇಶಿಗೆ. ‘ಅಸೈನಿಕರು’ ಅಂದರೆ ಯಾರಾದರೂ ಓದುತ್ತಾರಾ? ಸುದ್ದಿಮನೆಯಲ್ಲಿ ಕೆಲಸ ಮಾಡಿದವರು ಇಲ್ಲಿದ್ದರೆ, ನೀವು ಏನು ಬರೆಯುತ್ತಿದ್ದಿರಿ ಅಂತ ತಿಳಿಸಿ.