ತಿಂಗಳಿಗೆ 300 ಪೌಂಡ್ ಉಳಿಯುತ್ತದೆ, ಎಲ್ಲಿ ಹಾಕಲಿ?

ಹಾಸನ–ರೆಡಿಂಗ್:
ಎಲ್ಲರಿಗೂ ನಮಸ್ಕಾರ. ನಾವು ಬ್ರಿಟನ್ನಿಗೆ ಬಂದು ಆರು ವರ್ಷ ಆಯಿತು. ಹೋದ ತಿಂಗಳು ಐಎಲ್‌ಆರ್, ಅಂದರೆ ಇಲ್ಲೇ ಕಾಯಂ ಇರುವ ಅನುಮತಿ ಕೂಡ ಬಂತು. ಮಗಳಿಗೆ ಎಂಟು ವರ್ಷ, ಮಗನಿಗೆ ಮೂರು. ನರ್ಸರಿ ಖರ್ಚು ಕಡಿಮೆಯಾದ ಮೇಲೆ ತಿಂಗಳಿಗೆ 300 ಪೌಂಡ್ ಉಳಿಯುತ್ತಿದೆ. ಇಷ್ಟು ದಿನ ಉಳಿದದ್ದನ್ನೆಲ್ಲ ಊರಿನ ಬ್ಯಾಂಕಿನಲ್ಲಿ ಎನ್‌ಆರ್‌ಇ (ಹೊರದೇಶದಲ್ಲಿರುವ ಭಾರತೀಯರ ಖಾತೆ) ಎಫ್‌ಡಿಗೆ ಹಾಕುತ್ತಿದ್ದೆವು. ಈಗ ಆಫೀಸಿನಲ್ಲಿ ಎಲ್ಲರೂ ಐಸಾ ಅನ್ನೋ ತೆರಿಗೆ ಇಲ್ಲದ ಖಾತೆ, ಕಂಪನಿಗಳ ಪಟ್ಟಿಯೊಂದನ್ನು (ಸೂಚ್ಯಂಕ) ಹಾಗೇ ಹಿಂಬಾಲಿಸುವ ಇಂಡೆಕ್ಸ್ ಫಂಡ್ ಅಂತ ಮಾತಾಡುತ್ತಾರೆ. ಪರಿಚಯದ ಸಲಹೆಗಾರರೊಬ್ಬರು ಒಂದು ಪ್ಲಾನ್ ತೋರಿಸಿದರು. ಎಲ್ಲ ಸೇರಿ ವರ್ಷಕ್ಕೆ ಒಂದೂವರೆ ಪರ್ಸೆಂಟ್ ಶುಲ್ಕ. ಶನಿವಾರ ಸಹಿ ಹಾಕಲು ಬನ್ನಿ ಅಂದಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ. ನಮ್ಮ ಅಪ್ಪ ಪೋಸ್ಟ್ ಆಫೀಸ್ ಆರ್‌ಡಿ ಬಿಟ್ಟು ಬೇರೇನೂ ಮಾಡಿದವರಲ್ಲ. ಶೇರು ಅಂದರೆ ಜೂಜು ಅಂತಲೇ ಕೇಳಿ ಬೆಳೆದವಳು ನಾನು. ಖರ್ಚು ಕಡಿಮೆ ಇರಬೇಕು, ಎಲ್ಲ ದುಡ್ಡೂ ಒಂದೇ ಕಡೆ ಇರಬಾರದು. ಮಕ್ಕಳ ಹೆಸರಲ್ಲಿ ಹಾಕಬೇಕೋ, ನಮ್ಮ ಹೆಸರಲ್ಲೋ? ತಿಳಿದವರು ಹೇಳಿ.

ಧಾರವಾಡ–ಲೀಡ್ಸ್:
ಅಕ್ಕಾ, ಶನಿವಾರ ಸಹಿ ಹಾಕಬೇಡಿ. ಮೊದಲು ಎರಡು ವಿಷಯ ನೋಡಿ. ಆಫೀಸಿನ ಪೆನ್ಷನ್‌ನಲ್ಲಿ ಇದ್ದೀರಾ? ಕನಿಷ್ಠ ಲೆಕ್ಕದಲ್ಲೇ ಸಂಬಳದ ನಿಗದಿತ ಭಾಗದ 8 ಪರ್ಸೆಂಟ್ ಅದಕ್ಕೆ ಹೋಗುತ್ತದೆ. ಅದರಲ್ಲಿ 3 ಕಂಪನಿಯದು. ನೀವು ಜಾಸ್ತಿ ಹಾಕಿದರೆ ತಾವೂ ಜಾಸ್ತಿ ಹಾಕುವ ಕಂಪನಿಗಳಿವೆ. ನಿಮ್ಮದು ಹಾಗಿದ್ದರೆ ಅದನ್ನು ಪೂರ್ತಿ ತಗೊಳ್ಳಿ. ಎರಡನೆಯದು, ಐದಾರು ತಿಂಗಳ ಮನೆಖರ್ಚು ಬೇಕೆಂದಾಗ ತೆಗೆಯುವ ಹಾಗೆ ಬ್ಯಾಂಕಿನಲ್ಲಿ ಇರಲಿ.

ಆಮೇಲೆ ಸ್ಟಾಕ್ಸ್ ಅಂಡ್ ಶೇರ್ಸ್ ಐಸಾ. ಒಬ್ಬರಿಗೆ ವರ್ಷಕ್ಕೆ 20,000 ಪೌಂಡ್‌ವರೆಗೆ ಹಾಕಬಹುದು. ಒಳಗೆ ಬೆಳೆದದ್ದಕ್ಕೆ ಇಲ್ಲಿ ತೆರಿಗೆ ಇಲ್ಲ. ಐಸಾ ಅನ್ನೋದು ಡಬ್ಬಿ ಅಷ್ಟೇ, ಒಳಗೆ ಏನು ತುಂಬುತ್ತೀರಿ ಅನ್ನೋದೇ ಮುಖ್ಯ. ನಾನು ತುಂಬಿರುವುದು ಒಂದೇ ಒಂದು ಗ್ಲೋಬಲ್ ಇಂಡೆಕ್ಸ್ ಫಂಡ್. ಪ್ರಪಂಚದ ಸಾವಿರಾರು ಕಂಪನಿಗಳ ಚೂರುಚೂರು ಅದರಲ್ಲಿದೆ. ಅರ್ಧಕ್ಕಿಂತ ಜಾಸ್ತಿ ಅಮೆರಿಕದ್ದು. ಬ್ರಿಟನ್ನಿನದು ತುಂಬಾ ಸಣ್ಣ ಪಾಲು. ಎಫ್‌ಟಿಎಸ್‌ಇ ಆಲ್-ವರ್ಲ್ಡ್ ಸೂಚ್ಯಂಕದಲ್ಲಿ ಭಾರತವೂ ಇದೆ. ಎಂಎಸ್‌ಸಿಐ ವರ್ಲ್ಡ್‌ನಲ್ಲಿ ಇಲ್ಲ. ಹೆಸರು ನೋಡಿ ಮೋಸ ಹೋಗಬೇಡಿ.

ಶುಲ್ಕದ ಲೆಕ್ಕ ಬರೆದು ತೋರಿಸುತ್ತೇನೆ. ತಿಂಗಳಿಗೆ 300ರಂತೆ 18 ವರ್ಷ ಹಾಕಿದಿರಿ, ವರ್ಷಕ್ಕೆ 5 ಪರ್ಸೆಂಟ್ ಬೆಳೆಯಿತು ಅಂತ ಇಟ್ಟುಕೊಳ್ಳಿ. ಫಂಡ್ ಮತ್ತು ಪ್ಲಾಟ್‌ಫಾರ್ಮ್ (ಫಂಡ್ ಕೊಂಡು ಇಡುವ ಆನ್‌ಲೈನ್ ಕಂಪನಿ) ಎರಡೂ ಸೇರಿ 0.4 ಪರ್ಸೆಂಟ್ ಶುಲ್ಕವಾದರೆ ಕೊನೆಗೆ ಸುಮಾರು 1,00,500 ಪೌಂಡ್ ಸಿಗುತ್ತದೆ. ಒಂದೂವರೆ ಪರ್ಸೆಂಟ್ ಆದರೆ ಸುಮಾರು 90,000. ಆ ಹತ್ತು ಸಾವಿರ ನಿಮ್ಮ ಮಕ್ಕಳದ್ದು ಅಕ್ಕಾ. ಪ್ಲಾಟ್‌ಫಾರ್ಮ್ ಆರಿಸುವಾಗ ಕನಿಷ್ಠ ಶುಲ್ಕವನ್ನೂ ನೋಡಿ. ವ್ಯಾಂಗಾರ್ಡ್ ಅನ್ನೋ ಪ್ಲಾಟ್‌ಫಾರ್ಮ್ 2025ರ ಜನವರಿಯಿಂದ ಖಾತೆಯಲ್ಲಿ 32,000 ಪೌಂಡ್‌ಗಿಂತ ಕಡಿಮೆ ಇರುವವರಿಗೆ ತಿಂಗಳಿಗೆ 4 ಪೌಂಡ್ ಹಾಕುತ್ತದೆ. ಹೊಸದಾಗಿ ಶುರು ಮಾಡುವವರಿಗೆ ಅದು ಭಾರ.

ಬೆಲೆ ಬೀಳುತ್ತದೆ, ಅದಕ್ಕೆ ತಯಾರಿರಿ. 2020ರ ಮಾರ್ಚ್‌ನಲ್ಲಿ ನನ್ನದು ಕೆಲವೇ ವಾರಗಳಲ್ಲಿ ಕಾಲು ಭಾಗ ಕರಗಿತ್ತು. ನಾನು ಮುಟ್ಟಲಿಲ್ಲ. ಐದು ವರ್ಷದೊಳಗೆ ಬೇಕಾಗುವ ದುಡ್ಡನ್ನು ಇಲ್ಲಿ ಇಡಲೇಬೇಡಿ.

ಕುಂದಾಪುರ–ಹ್ಯಾರೋ:
ಪೆನ್ಷನ್ ವಿಷಯ ದಯವಿಟ್ಟು ಎಲ್ಲರೂ ಎರಡು ಸಲ ಓದಿ. ಹೇಗಿದ್ದರೂ ಊರಿಗೆ ವಾಪಸ್ ಹೋಗುತ್ತೇವೆ ಅಂತ ಒಂಬತ್ತು ವರ್ಷ ನಾನು ಅದರಿಂದ ಹೊರಗಿದ್ದೆ. ಊರಿಗೆ ಹೋಗಲೂ ಇಲ್ಲ, ಕಂಪನಿ ಕೊಡುತ್ತಿದ್ದ ದುಡ್ಡು ಸಿಗಲೂ ಇಲ್ಲ. ಪ್ರತಿ ಯುಗಾದಿಗೂ ‘ಮುಂದಿನ ವರ್ಷ’ ಅನ್ನುತ್ತಿದ್ದೆವು. ಅಮ್ಮ ಹೋದ ಮೇಲೆ ಆ ಮಾತು ನಿಂತಿತು.

ಮೈಸೂರು–ಸ್ಲೌ:
ನಾನು 2004ರಲ್ಲಿ ಬಂದವನು. ಇಷ್ಟೆಲ್ಲ ಲೆಕ್ಕ ಬೇಡ ತಾಯಿ. ಊರಲ್ಲಿ ಒಂದು ಸೈಟ್ ತಗೊಳ್ಳಿ. ಮೈಸೂರಿನಲ್ಲಿ ನಾನು ತಗೊಂಡ ತರ್ಟಿ ಫಾರ್ಟಿ ಸೈಟ್ ಇವತ್ತು ನನ್ನ ಇಲ್ಲಿನ ಪೆನ್ಷನ್‌ಗಿಂತ ಜಾಸ್ತಿ ಬೆಲೆ ಬಾಳುತ್ತದೆ. ಫಂಡ್ ಅಂದರೆ ಮೊಬೈಲ್‌ನಲ್ಲಿ ಕಾಣೋ ನಂಬರ್. ಸೈಟ್ ಅಂದರೆ ಕಾಲಿಟ್ಟು ನಿಲ್ಲಬಹುದಾದ ಮಣ್ಣು. ನಾಳೆ ಮಕ್ಕಳಿಗೆ ‘ಇದು ನಿಮ್ಮ ಊರು’ ಅಂತ ತೋರಿಸಲು ಏನಾದರೂ ಬೇಕಲ್ವಾ? ನಮ್ಮಪ್ಪ ಮೇಷ್ಟರಾಗಿದ್ದರು. ಅವರ ಇಪ್ಪತ್ತೈದು ವರ್ಷದ ಸಂಬಳ ನಮ್ಮನ್ನು ಓದಿಸಲಿಲ್ಲ. ಅವರು ಮಾರಿದ ಒಂದು ಸೈಟ್ ಓದಿಸಿತು.

ಬೆಳಗಾವಿ–ಸ್ವಿಂಡನ್:
ಸಾರ್ ಹೇಳಿದ್ದು ನೂರಕ್ಕೆ ನೂರು ನಿಜ. ನಾವೂ ಸೈಟ್ ತಗೊಂಡೇ ನೆಮ್ಮದಿಯಾಗಿದ್ದೇವೆ.

ತುಮಕೂರು–ಕಾರ್ಡಿಫ್:
ಸಾರ್, ನಿಮಗೆ ಒಳ್ಳೆಯದಾಯಿತು, ಸಂತೋಷ. ನಮ್ಮ ಕಥೆ ಬೇರೆ. ಒಂದು ಖಾಸಗಿ ಲೇಔಟ್‌ನಲ್ಲಿ ಸೈಟ್ ತಗೊಂಡು ಹನ್ನೊಂದು ವರ್ಷ ಆಯಿತು. ರಸ್ತೆ ಬಂದಿಲ್ಲ. ಪಕ್ಕದವರು ಮೂರು ಅಡಿ ಒಳಗೆ ಕಾಂಪೌಂಡ್ ಕಟ್ಟಿದ್ದಾರೆ. ಅಪ್ಪನಿಗೆ 74 ವರ್ಷ. ಈಗಲೂ ಪೇಪರ್ ಹಿಡಿದು ಕಚೇರಿ ಅಲೆಯುತ್ತಾರೆ. ನಾನು ಇಲ್ಲಿ ಕೂತು ಫೋನಿನಲ್ಲಿ ‘ಹೋಗಿ ಬಂದಿರಾ’ ಅಂತ ಕೇಳುವುದು. ಇನ್ನೊಂದು ಮಾತು, ತಿಂಗಳಿಗೆ 300 ಪೌಂಡ್‌ನಲ್ಲಿ ಸೈಟ್ ಹೇಗೆ ಬರುತ್ತದೆ? ಸಾಲ ಮಾಡಬೇಕು. ಅವರು ಕೇಳಿದ್ದು ಒಂದೇ ಕಡೆ ಹಾಕದಿರುವುದು ಹೇಗೆ ಅಂತ. ಒಂದು ಸೈಟ್ ಅಂದರೆ ಒಂದೇ ಕಡೆ ತಾನೆ?

ಮೈಸೂರು–ಸ್ಲೌ:
ಅಪ್ರೂವ್ಡ್ ಲೇಔಟ್ ನೋಡಿ ತಗೊಂಡರೆ ಈ ತೊಂದರೆ ಇಲ್ಲ. 2008ರಲ್ಲಿ ಮಾರ್ಕೆಟ್ ಬಿದ್ದಾಗ ನನ್ನ ಕಣ್ಣೆದುರೇ ಸ್ನೇಹಿತರು ಅತ್ತರು. ನನ್ನ ಮಣ್ಣು ಬೀಳಲಿಲ್ಲ. ನಾನು ಯಾರಿಗೂ ಕೆಟ್ಟದ್ದು ಹೇಳುವವನಲ್ಲ.

ಉಡುಪಿ–ಅಬರ್ಡೀನ್:
ಮಕ್ಕಳ ಹೆಸರಿನ ಪ್ರಶ್ನೆಗೆ ನಾನು ಹೇಳುತ್ತೇನೆ. ಜೂನಿಯರ್ ಐಸಾಕ್ಕೆ ಒಂದು ಮಗುವಿಗೆ ವರ್ಷಕ್ಕೆ 9,000 ಪೌಂಡ್‌ವರೆಗೆ ಹಾಕಬಹುದು. ಒಮ್ಮೆ ಹಾಕಿದರೆ ಮಗುವಿಗೆ 18 ಆಗುವ ತನಕ ಯಾರೂ ತೆಗೆಯುವಂತಿಲ್ಲ. 18 ಆದ ದಿನ ಅದು ಪೂರ್ತಿ ಅವರದ್ದು, ನಿಮ್ಮ ಮಾತು ನಡೆಯುವುದಿಲ್ಲ. ನನ್ನ ಮಗನಿಗೆ ಹೋದ ವರ್ಷ ಆಯಿತು. ನನಗೆ ಭಯವಿತ್ತು. ಅವನು ತಾನೇ ಓದಿ ತಿಳಿದು 4,000 ಪೌಂಡನ್ನು ಲೈಫ್‌ಟೈಮ್ ಐಸಾಕ್ಕೆ ಹಾಕಿದ. ಸರ್ಕಾರ 1,000 ಸೇರಿಸಿತು. ಮೊದಲ ಮನೆಗೆ ಬೇಕು ಅಂದ. ಹೆಮ್ಮೆ ಆಯಿತು. ಆದರೂ ಮಕ್ಕಳ ಸ್ವಭಾವ ಎಂಟನೇ ವಯಸ್ಸಿಗೆ ಗೊತ್ತಾಗುವುದಿಲ್ಲ. ಸ್ವಲ್ಪ ಅವರ ಹೆಸರಲ್ಲಿ, ಜಾಸ್ತಿ ನಿಮ್ಮ ಹೆಸರಲ್ಲಿ ಇಡಿ. ದುಡ್ಡಿನ ಪಾಠ ಅವನಿಗೆ ಚೆನ್ನಾಗಿ ಹೇಳಿಕೊಟ್ಟೆ. ಭಾಷೆಯ ಪಾಠಕ್ಕೆ ಅಷ್ಟು ಗಮನ ಕೊಡಲಿಲ್ಲ. ಅಜ್ಜಿಯ ಹತ್ತಿರ ‘ಊಟ ಆಯಿತಾ’ ಬಿಟ್ಟು ಅವನಿಗೆ ಬೇರೆ ಮಾತು ಬರುವುದಿಲ್ಲ. ಮಗಳಿಗೆ ಎಂಟೇ ವರ್ಷ ಅಂದಿರಿ, ಇನ್ನೂ ಸಮಯ ಇದೆ.

ಶಿವಮೊಗ್ಗ–ಬರ್ಮಿಂಗ್‌ಹ್ಯಾಮ್:
ನಾನು ಅಕೌಂಟೆಂಟ್. ಯಾರೂ ಗಮನಿಸದ ವಿಷಯ ಒಂದಿದೆ. ಎನ್‌ಆರ್‌ಇ ಬಡ್ಡಿಗೆ ತೆರಿಗೆ ಇಲ್ಲದಿರುವುದು ಭಾರತದಲ್ಲಿ. ನಾವು ಬ್ರಿಟನ್ನಿನ ತೆರಿಗೆ ನಿವಾಸಿಗಳು, ಇಲ್ಲಿ ಅದು ಆದಾಯವೇ. 2025ರ ಏಪ್ರಿಲ್ 6ರಿಂದ ಹೊಸ ನಿಯಮ ಬಂದಿದೆ. ಹತ್ತು ವರ್ಷ ಹೊರಗಿದ್ದು ಬಂದವರಿಗೆ ಮೊದಲ ನಾಲ್ಕು ವರ್ಷ ಮಾತ್ರ ವಿದೇಶಿ ಆದಾಯಕ್ಕೆ ವಿನಾಯಿತಿ. ನಿಮಗೆ ಆರು ವರ್ಷ ಆಗಿದೆ. ಊರಿನ ಮ್ಯೂಚುವಲ್ ಫಂಡ್‌ನಲ್ಲೂ ಹುಷಾರು. ಅವುಗಳಲ್ಲಿ ಬಹುತೇಕ ಇಲ್ಲಿ ರಿಪೋರ್ಟಿಂಗ್ ಫಂಡ್ (ಇಲ್ಲಿನ ತೆರಿಗೆ ಇಲಾಖೆಗೆ ತನ್ನ ಆದಾಯದ ಲೆಕ್ಕ ಕೊಡುವ ಫಂಡ್) ಅಲ್ಲ. ಮಾರಿದಾಗ ಬಂದ ಲಾಭಕ್ಕೆ ಸಂಬಳದ ದರದಲ್ಲೇ ತೆರಿಗೆ ಬೀಳುತ್ತದೆ. ಅದಕ್ಕೇ ಭಾರತದ ಪಾಲು ಬೇಕಿದ್ದರೆ ಇಲ್ಲಿನ ಐಸಾದೊಳಗೇ ಇರಲಿ ಅನ್ನುತ್ತೇನೆ. ಸೈಟ್ ಮಾರಿದರೂ ಇಲ್ಲಿ ತೋರಿಸಬೇಕು. ಅಲ್ಲಿ ಕಟ್ಟಿದ ತೆರಿಗೆಯನ್ನು ಇಲ್ಲಿನ ತೆರಿಗೆಯಿಂದ ಕಳೆಯಬಹುದು. ಎರಡೂ ದೇಶ 2017ರಿಂದ ಬ್ಯಾಂಕ್ ಖಾತೆಗಳ ವಿವರ ಹಂಚಿಕೊಳ್ಳುತ್ತಿವೆ.

ಬೆಳಗಾವಿ–ಸ್ವಿಂಡನ್:
ಸಾರ್, ಮೈಸೂರಿನಲ್ಲಿ ಈಗ ರಿಂಗ್ ರೋಡ್ ಆಚೆ ರೇಟ್ ಹೇಗಿದೆ? ಇ-ಖಾತಾ ಮಾಡಿಸಲು ನಾವೇ ಬರಬೇಕಾ, ಪವರ್ ಆಫ್ ಅಟಾರ್ನಿ ಸಾಕಾ?

ಮೈಸೂರು–ಸ್ಲೌ:
ಪವರ್ ಆಫ್ ಅಟಾರ್ನಿ ಕೊಡುವುದಾದರೆ ಒಡಹುಟ್ಟಿದವರಿಗೇ ಕೊಡಿ. ಉಳಿದದ್ದು ಫೋನ್ ಮಾಡಿ, ವಿವರವಾಗಿ ಹೇಳುತ್ತೇನೆ.

ಹಾಸನ–ರೆಡಿಂಗ್:
ಎಲ್ಲರಿಗೂ ಧನ್ಯವಾದ. ನಮ್ಮ ಯಜಮಾನರು ಇದನ್ನು ಓದಿ ಆಗಲೇ ಹಾಸನಕ್ಕೆ ಭಾವನಿಗೆ ಫೋನ್ ಮಾಡಿದ್ದಾರೆ, ಸೈಟ್ ನೋಡಿ ಅಂತ. ನಾನು ಶನಿವಾರದ ಭೇಟಿ ಬೇಡ ಅಂತ ಸಲಹೆಗಾರರಿಗೆ ತಿಳಿಸಿದೆ. ಶಿವಮೊಗ್ಗದ ಅಣ್ಣಾ, ಎನ್‌ಆರ್‌ಇ ಬಡ್ಡಿ ನಾವು ಯಾವತ್ತೂ ಇಲ್ಲಿ ತೋರಿಸಿಲ್ಲ. ಗೊತ್ತೇ ಇರಲಿಲ್ಲ. ಈಗ ಏನು ಮಾಡಲಿ?

ಶಿವಮೊಗ್ಗ–ಬರ್ಮಿಂಗ್‌ಹ್ಯಾಮ್:
ಹೆದರಬೇಡಿ ತಂಗಿ. 2025ರ ಏಪ್ರಿಲ್ ತನಕ ಹಳೆಯ ರೆಮಿಟೆನ್ಸ್ ನಿಯಮ ಇತ್ತು, ಅಂದರೆ ಹೊರದೇಶದ ಆದಾಯವನ್ನು ಇಲ್ಲಿಗೆ ತಂದರೆ ಮಾತ್ರ ತೆರಿಗೆ. ವರ್ಷಕ್ಕೆ 2,000 ಪೌಂಡ್‌ಗಿಂತ ಕಡಿಮೆ ಬಡ್ಡಿ ಬಂದು, ಅದನ್ನು ಇಲ್ಲಿಗೆ ತಂದಿರದಿದ್ದರೆ ಹಿಂದಿನದಕ್ಕೆ ತೆರಿಗೆ ಬರದೆಯೂ ಇರಬಹುದು. ಬ್ಯಾಂಕಿನಿಂದ ಆರೂ ವರ್ಷದ ಸ್ಟೇಟ್‌ಮೆಂಟ್ ತರಿಸಿ. ಇಲ್ಲಿನ ವರ್ಷ ಏಪ್ರಿಲ್ 6ರಿಂದ ಏಪ್ರಿಲ್ 5, ಊರಿನ ಮಾರ್ಚ್ 31ರ ಲೆಕ್ಕ ಆಗುವುದಿಲ್ಲ. ಕಟ್ಟಬೇಕು ಅಂತ ಬಂದರೆ ಇಲ್ಲಿನ ತೆರಿಗೆ ಇಲಾಖೆ ಎಚ್‌ಎಂಆರ್‌ಸಿಯ ಕಾಗದ ಬರುವ ಮುಂಚೆ ನೀವೇ ಹೇಳಿಬಿಡಿ, ದಂಡ ಕಡಿಮೆಯಾಗುತ್ತದೆ. ಭಾನುವಾರ ಮಧ್ಯಾಹ್ನ ನಾನು ಮನೆಯಲ್ಲೇ ಇರುತ್ತೇನೆ. ಸ್ಟೇಟ್‌ಮೆಂಟ್ ಇಟ್ಟುಕೊಂಡು ಫೋನ್ ಮಾಡಿ, ಯಜಮಾನರನ್ನೂ ಕೂರಿಸಿಕೊಳ್ಳಿ. ಅಲ್ಲಿಯವರೆಗೆ ಸೈಟ್‌ಗೆ ಅಡ್ವಾನ್ಸ್ ಕೊಡಬೇಡಿ.